ಕಡಲ ದಂಡೆಯಲ್ಲಿ ಹಾಸಿದ ಕಂಬಳಿ

ಪಕ್ಕದ ಮನೆಯ ದೊಡ್ಡಮ್ಮನ ಬೆರಳ ಸಂದಿಯಲ್ಲಿ ಹುಣಸೆಬೀಜದ ಗಂಜಿ ಸದಾ ಒಣಗಿ ಬಿರಿದಿರುತ್ತಿತ್ತು. ಕಳ್ಳಂಬೆಳ್ಳದಲ್ಲಿ ಅವಳ ಮನೆಯವರದು ಕುರಿ ಸಾಕಿ ಕಂಬಳಿ ನೇಯುವ ಕಸುಬು. ಉಣ್ಣೆಯ ನೂಲಿಗೆ ಗಂಜಿ ಹಾಕುವುದು ಅವಳ ಪಾಲು. ಆ ಕೈಯಲ್ಲಿ ಕೆನ್ನೆ ಹಿಂಡಿದರೆ ಉರಿಯುತ್ತಿತ್ತು, ಆದರೂ ನಾನು ಮತ್ತೆ ಮತ್ತೆ ಒಡ್ಡುತ್ತಿದ್ದೆ.

ಎಂಬತ್ತರ ದಶಕದ ಮೊದಲಲ್ಲಿ ನನ್ನನ್ನು ನೋಡಿಹೋದ ಗಂಡಿನ ಕಡೆಯವರು ಸೋಮವಾರದೊಳಗೆ ಉತ್ತರ ಬೇಕೆಂದಿದ್ದರು. ಒಳ್ಳೆಯ ಮನೆತನ, ನೌಕರಿಯಲ್ಲಿದ್ದ ಹುಡುಗ. ನನಗೋ ಹೂಂ ಎನ್ನಲೂ ಬಾಯಿ ಬಾರದು, ಉಹೂಂ ಎನ್ನಲೂ ಬಾರದು. ಅಪ್ಪ ರೇಗುತ್ತಿದ್ದ, ಅಮ್ಮ ಅಳುತ್ತಿದ್ದಳು, ಬೀದಿಯವರೆಲ್ಲ ಬುದ್ಧಿ ಹೇಳುತ್ತಿದ್ದರು. ಅದೇ ವಾರ ದೊಡ್ಡಮ್ಮ, ಗೋಕರ್ಣದಾಚೆ ಅಡುಗೆ ಕೆಲಸಕ್ಕಿದ್ದ ತನ್ನ ತಮ್ಮನನ್ನು ನೋಡಲು ಹೊರಟಳು. "ಇವ್ಳೂ ಬರ್ಲಿ ಬುಡು. ನಾಕು ದಿನ ಯಾರ ಮಾತೂ ಕಿವಿಗೆ ಬೀಳ್ದಂಗೆ ಇರ್ಲಿ" ಎಂದು ಅಮ್ಮನಿಗೆ ಹೇಳಿ ಕರೆದುಕೊಂಡೇ ಹೋದಳು.

ಗುಡ್ಡ ಹತ್ತಿ ಇಳಿದರೆ ತೆಂಗಿನ ಗರಿಯ ಏಳೆಂಟು ಗುಡಿಸಲು, ಮುಂದೆ ಸಮುದ್ರ. ಕರೆಂಟಿಲ್ಲ, ರೇಡಿಯೋ ಇಲ್ಲ, ಪೇಪರೂ ಬರುವುದಿಲ್ಲ. ಅವೆಲ್ಲ ಇಲ್ಲವೆಂದೇ ದೂರದೇಶದ ಜನ ದುಡ್ಡು ತೆತ್ತು ಬಂದು ಇರುತ್ತಾರೆ ಎಂದು ಅವಳ ತಮ್ಮ ಹೇಳಿದ.

"ಕತ್ಲಲ್ಲಿ ಕುಂತ್ಕಳಾಕೆ ದುಡ್ಡಾ? ನಮ್ಮೂರ್ಗೆ ಕಳುಸ್ಲಾ ಅವರ್ನ, ಪುಕ್ಸಟ್ಟೆ ಐತೆ" ಎಂದಳು ದೊಡ್ಡಮ್ಮ. ಆಮೇಲೆ ನೀರನ್ನೇ ದಿಟ್ಟಿಸಿ, "ಇದ್ರ ಕೋಡಿ ಯಾವ ಕಡೆ?" ಎಂದು ಕೇಳಿದಳು.

"ಇದಕ್ಕೆ ಕೋಡಿ ಇಲ್ಲ ಕಣಕ್ಕ."

"ಅಂಗಂದ್ರೆ? ತುಂಬಿ ಹೆಚ್ಚಾದ ನೀರು ಎಲ್ಲಿಗೋಗುತ್ತೆ?"

ಕೆರೆಯ ಮಗ್ಗುಲಲ್ಲೇ ಬೆಳೆದ ನನಗೂ ಅದು ತಿಳಿಯಲಿಲ್ಲ.

ಹೊರಡುವ ಹಿಂದಿನ ಸಂಜೆ, ಆ ಸೆಕೆಗೂ ಹೊತ್ತು ತಂದಿದ್ದ ಕರಿಕಂಬಳಿಯನ್ನು ಮರಳ ಮೇಲೆ ಹಾಸಿ ದೊಡ್ಡಮ್ಮ ನನ್ನನ್ನು ಕೂರಿಸಿದಳು. ಅವರಲ್ಲಿ ಹಾಸಿದ ಕಂಬಳಿಯೆಂದರೆ ದೇವರ ಗದ್ದುಗೆ. ನ್ಯಾಯ ಹೇಳುವಾಗಲೂ ಅದನ್ನೇ ಹಾಸುತ್ತಾರೆ.

"ಇದ್ರ ಮ್ಯಾಲೆ ಸುಳ್ಳಾಡಂಗಿಲ್ಲ. ಆ ಹುಡ್ಗ ಬೇಕಾ, ಬ್ಯಾಡ್ವಾ?"

ಎಷ್ಟು ತಡಕಾಡಿದರೂ ನನ್ನೊಳಗೆ ಉತ್ತರ ಸಿಗಲಿಲ್ಲ. "ಗೊತ್ತಿಲ್ಲ ದೊಡ್ಡಮ್ಮ" ಎಂದು ಅತ್ತುಬಿಟ್ಟೆ. ಬೈಯುತ್ತಾಳೆ ಅಂದುಕೊಂಡೆ.

"ಅದೂ ಒಂದು ಮಾತೇ ಕಣವ್ವ" ಎಂದು ಕಂಬಳಿ ಕೊಡವಿ ಮಡಿಸಿದಳು.

ಸೋಮವಾರ ನಮ್ಮ ಜಗುಲಿಯಲ್ಲಿ ಗಂಡಿನ ಕಡೆಯವರ ಎದುರು ಅವಳೇ ನಿಂತಳು. "ಹುಡ್ಗಿಗೆ ಇನ್ನೂ ಗೊತ್ತಿಲ್ವಂತೆ. ಕಂಬ್ಳಿ ಮ್ಯಾಲೆ ಕುಂತು ಹೇಳವ್ಳೆ. ಗೊತ್ತಾಗಗಂಟ ಕಾಯಂಗಿದ್ರೆ ಕಾಯ್ರಿ." ಅವರು ಕಾಫಿಯನ್ನೂ ಮುಟ್ಟದೆ ಎದ್ದು ಹೋದರು. ಅಪ್ಪ ಅವಳೊಡನೆ ಮಾತು ಬಿಟ್ಟ. ನನಗೆ ಹಗುರವಾಯಿತೋ ಸಂಕಟವಾಯಿತೋ ಹೇಳಲಾರೆ. ಎರಡು ದಿನ ಅವಳ ಮೇಲೇ ಮುನಿಸಿಕೊಂಡಿದ್ದೆ.

ನನ್ನ ಮದುವೆ ತಡವಾಗಿ, ಬೇರೆ ಕಡೆ ಆಯಿತು. ಕೆಲವು ವರ್ಷಗಳ ಮೇಲೆ ದೊಡ್ಡಮ್ಮ ತೀರಿಕೊಂಡಳೆಂದು ತಿಳಿದು ಶಿರಾದಿಂದ ಓಡಿ ಬಂದೆ. ಅವಳಿಲ್ಲದಿದ್ದರೆ ಅಂದು ಅಪ್ಪನಿಗೆ ಹೆದರಿ ಹೂಂ ಎಂದುಬಿಡುತ್ತಿದ್ದೆ ಎಂದು ನೆನೆದು ಅಳು ತಡೆಯಲಾಗಲಿಲ್ಲ. ಅವಳ ಅಂಗಳದಲ್ಲಿ ಅಪ್ಪನೂ ನಿಂತಿದ್ದ. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ:

"ಅವತ್ತು ಅವ್ಳು ಮಾಡಿದ್ದು ಸರಿಯೇನವ್ವ?"

"ಗೊತ್ತಿಲ್ಲಪ್ಪ" ಎಂದೆ.

ಅಪ್ಪ ರೇಗಲಿಲ್ಲ. ಹೆಗಲ ಟವಲು ತೆಗೆದು ನನ್ನ ಕೈಗೆ ಕೊಟ್ಟ, ಕಣ್ಣೊರೆಸಿಕೊಳ್ಳಲು.