ಇನ್ನರ್ಧ ಸಂಗೀತ

ಆ ಕಾಲದ ಹಾಸನದಲ್ಲಿ ಪಿಯಾನೊ ಟೀಚರ್ ಎಂದರೆ ಹೆಚ್ಚುಕಡಿಮೆ ಸರ್ಕಸ್ಸಿನವಳು ಎಂದೇ ಲೆಕ್ಕ. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಬೆರಳ ಗಿಣ್ಣಿಗೆ ರೂಲರಿನ ಏಟು ತಿಂದು ತಿಂದು ನಾನು ಕಲಿತ ವಿದ್ಯೆಗೆ ಜನ ಬಹಳ ಗೌರವದಿಂದ 'ಆ ಪೆಟ್ಟಿಗೆ ಕುಟ್ಟೋದು' ಎನ್ನುತ್ತಿದ್ದರು. ನನಗಿದ್ದ ಶಿಷ್ಯೆಯರು ನಾಲ್ವರು. ಮೂವರಿಗೆ ಕಿವಿ ಇರಲಿಲ್ಲ. ನಾಲ್ಕನೆಯವಳಿಗೆ ಕಿವಿ ಇತ್ತು, ಕೈ ಒಂದೇ. ಅಂದರೆ ದೇವರು ಎರಡು ಕೊಟ್ಟಿದ್ದ; ಮನೆಯವರು ಒಂದನ್ನು ಮಾತ್ರ ಸ್ಯಾಂಕ್ಷನ್ ಮಾಡಿದ್ದರು.

ಅವಳ ಮನೆ ಹೊಳೆನರಸೀಪುರದಲ್ಲಿ. ಶನಿವಾರದ ಬಸ್ಸು ಹಿಡಿದು ನಾನೇ ಹೋಗುತ್ತಿದ್ದೆ. ಅವಳಪ್ಪ ಜಮೀನ್ದಾರರು. ದೇಶ ಬಿಟ್ಟು ಹೊರಟ ಕಾಫಿ ತೋಟದ ದೊರೆಯೊಬ್ಬನ ಸಾಮಾನು ಹರಾಜಾದಾಗ ಪಿಯಾನೊ ಕೊಂಡಿದ್ದರು. ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ಅರಕಲಗೂಡಿನ ಬೀಗರು ಅದಕ್ಕೇ ಸವಾಲು ಕೂಗಿದ್ದರು, ಅದಕ್ಕೆ. ತೆಂಗಿನಕಾಯಿ ಲಾರಿಯಲ್ಲಿ, ಕಾಯಿಗಳ ಮೇಲೆ ಮಲಗಿಕೊಂಡು ಬಂದ ಆ ಪಿಯಾನೊ ಮತ್ತೆಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಪಾಪ, ಅದರ ಮೇಲೆ ಕ್ರೋಶಾ ಹೆಣೆದ ಬಟ್ಟೆ ಹಾಸಿ, ತಾತನ ಫೋಟೊ ಇಟ್ಟು, ಆಯುಧಪೂಜೆಗೆ ಕುಂಕುಮವನ್ನೂ ಹಚ್ಚಿದ್ದರು.

ಕೈಯೊಳಗೆ ಆಪಲ್ ಹಿಡಿದ ಹಾಗೆ ಬೆರಳು ಬಾಗಿರಬೇಕು ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಹೊಳೆನರಸೀಪುರದಲ್ಲಿ ಆಪಲ್ ಎಂದರೆ ಟೈಫಾಯ್ಡ್ ಬಂದವರು ತಿನ್ನುವ ಹಣ್ಣು. ಆದ್ದರಿಂದ ಮೊದಲ ದಿನ ಎರಡು ನಿಂಬೆಹಣ್ಣು ತರಿಸಿದೆ. ಹುಡುಗಿಯ ಬಲಗೈಗೆ ಒಂದು ಕೊಟ್ಟಾಗ, ಹೊಸ್ತಿಲಾಚೆ ಎಲೆಅಡಿಕೆ ಕುಟ್ಟುತ್ತಿದ್ದ ಅವಳ ಅಜ್ಜಿ ಕುಟ್ಟುತ್ತಲೇ ಇದ್ದರು. ಎಡಗೈಗೆ ಇನ್ನೊಂದು ಕೊಟ್ಟೆ. ಕುಟ್ಟುವುದು ನಿಂತಿತು.

"ಎಡಗೈಗೆ ನಿಂಬೆಹಣ್ಣಾ? ಯಾರ್ಗೆ ಮಾಟ ಮಾಡ್ಸಾಕೆ ಕಲಿಸ್ತಿದ್ದೀರವ್ವ?"

"ಮಾಟ ಅಲ್ಲ ಅಜ್ಜಿ, ಪೊಸಿಶನ್."

"ಅದೇನಾರ ಇರ್ಲಿ. ಉಣ್ಣಾಕೆ ಬಲಗೈ, ಬರಿಯಾಕೆ ಬಲಗೈ, ಸರಸ್ವತಿಗೆ ಮಾತ್ರ ಎಡಗೈಯಾ? ಅಂಗೆಲ್ಲ ಆಗಾಕಿಲ್ಲ ಕಣವ್ವ."

"ಅರ್ಧ ಸಂಗೀತ ಇರೋದೇ ಎಡಗೈಯಲ್ಲಿ, ಅಜ್ಜಿ."

"ಇನ್ನರ್ಧ ಕಲ್ಸಿ. ಎಣ್ಮಗೀಗೆ ಅರ್ಧ ಸಾಕು."

ಇಡೀ ಯುರೋಪಿನ ಸಂಗೀತಶಾಸ್ತ್ರಕ್ಕೆ ಅಷ್ಟು ಚುಟುಕಾದ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೊನೆಗೆ ರಾಜಿಯಾಯಿತು. ಮೇಲಿನ ಸ್ವರ ಅವಳ ಬಲಗೈಗೆ, ಕೆಳಗಿನದು ಪಕ್ಕದಲ್ಲಿ ಕೂತ ನನ್ನ ಎಡಗೈಗೆ. ನನ್ನ ಕೈಯ ಬಗ್ಗೆ ಅಜ್ಜಿಗೆ ತಕರಾರಿರಲಿಲ್ಲ. ಕಾನ್ವೆಂಟಿನ ಕೈ, ಕೆಡಲು ಅದರಲ್ಲಿ ಏನು ಉಳಿದಿತ್ತು? ಹೀಗೆ ಎರಡು ವರ್ಷ. ಚನ್ನರಾಯಪಟ್ಟಣದ ನೆಂಟರಂತೂ ಪಿಯಾನೊ ಇರುವುದೇ ಇಬ್ಬರಿಗೆ ಎಂದು ತಿಳಿದಿದ್ದರು. "ಒಬ್ರಿಗೇ ಆಗಾಕಿಲ್ಲ ಅಲ್ವಾ ಮಿಸ್ಸವ್ವ? ರಾಗಿ ಬೀಸ್ದಂಗೆ!" ಎಂದು ಒಬ್ಬಾಕೆ ಕನಿಕರಪಟ್ಟರು. ಹೌದೆಂದೆ. ಆರ್ಗ್ಯೂ ಮಾಡುವಷ್ಟು ಸಂಬಳ ನನಗಿರಲಿಲ್ಲ.

ಒಂದು ಶನಿವಾರ ಅಜ್ಜಿ ನುಗ್ಗೇಹಳ್ಳಿಗೆ ಮದುವೆಗೆ ಹೋಗಿದ್ದರು. ನಾನು ನೀರು ಕುಡಿಯಲು ಒಳಗೆ ಹೋದೆ. ಬೆನ್ನ ಹಿಂದೆ ಪಾಠದ ಮಿನುಯೆಟ್ ಎಂಬ ಕುಣಿತದ ತುಣುಕು ಶುರುವಾಯಿತು, ಕೆಳಗಿನ ಸ್ವರಗಳ ಸಮೇತ. ಲೋಟ ಹಿಡಿದು ಓಡಿಬಂದೆ. ಅವಳ ಎಡಗೈ ಹೊಳೆಯಲ್ಲಿ ಬಿಟ್ಟ ಮೀನಿನ ಹಾಗೆ ಆಡುತ್ತಿತ್ತು. ಬಲಗೈ ಅದರ ಮುಂದೆ ಗುಮಾಸ್ತ.

"ಎಲ್ಲಿ ಕಲಿತೆ?"

"ನಿಮ್ಮ ಕೈ ನೋಡಿ ಮಿಸ್. ಲಂಗದ ನೆರಿಗೆ ಒಳಗೆ ಬೆರಳಾಡಿಸ್ತಿದ್ದೆ." ಆಮೇಲೆ ಮೆಲ್ಲಗೆ ಅಂದಳು, "ನಾನು ಎಡಚಿ ಮಿಸ್. ಚಿಕ್ಕೋಳಿದ್ದಾಗ ಅಜ್ಜಿ ಈ ಕೈಗೆ ಚೀಲ ಕಟ್ಟಿದ್ರು."

ನನ್ನ ಟೆಕ್ನಿಕ್ ಬಗ್ಗೆ ನನಗಿದ್ದ ಘನವಾದ ಅಭಿಪ್ರಾಯ ಅಂದು ನಾಲ್ಕು ಮೆಟ್ಟಿಲು ಇಳಿಯಿತು.

ಆ ವರ್ಷ ಬೆಂಗಳೂರಿಗೆ ವಿಲಾಯತಿಯಿಂದ ಪಿಯಾನೊ ಪರೀಕ್ಷೆಯ ಎಗ್ಸಾಮಿನರ್ ಬರುವವರಿದ್ದರು. ಅವಳಿಗೆ ಪರೀಕ್ಷೆ ಕಟ್ಟಬೇಕು, ಎರಡೂ ಕೈಯಲ್ಲಿ ಬಾರಿಸಬೇಕು. ಜೀವನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಪ್ಪನನ್ನು ಕೇಳಿದರೆ, "ನಮ್ಮವ್ವ ಊಂ ಅಂದ್ರೆ ನಂದೇನಿಲ್ಲ" ಎಂದರು. ಹುಡುಗಿಯೇ ಉಪಾಯ ಹೂಡಿದಳು. ಮುಂದಿನ ಶನಿವಾರ ಒಬ್ಬಳೇ ಬಾರಿಸುವುದು. ಹೊಸ್ತಿಲಾಚೆಯಿಂದ ಅಜ್ಜಿಗೆ ಕಾಣುವುದು ನನ್ನ ಬೆನ್ನು ಮಾತ್ರ.

"ಅಜ್ಜಿ ಹೊಗಳ್ತಾರೆ ಮಿಸ್. ಆವಾಗ ನೀವು ಹೇಳಿ, ಇದು ಇವಳ ಕೈ ಅಂತ. ಹೊಗಳಿದ ಮೇಲೆ ಬೈಯಕ್ಕಾಗಲ್ಲ. ನೀವು ಹೇಳಿದ್ರೆ ಪರೀಕ್ಷೆ, ನಾನು ಹೇಳಿದ್ರೆ ಚೀಲ."

"ಪ್ರಾಮಿಸ್" ಎಂದೆ. ನಮ್ಮ ಕಾನ್ವೆಂಟಿನಲ್ಲಿ ಪ್ರಾಮಿಸ್ ಎಂದರೆ ಬಹಳ ದೊಡ್ಡ ಮಾತು.

ಆ ಶನಿವಾರ ಅವಳ ಎಡಕ್ಕೆ ಕೈಕಟ್ಟಿ ಕೂತೆ. ಪರೀಕ್ಷೆಯ ಫಾರ್ಮು ಹ್ಯಾಂಡ್‌ಬ್ಯಾಗಿನಲ್ಲಿತ್ತು. ಅವಳು ಬಾರಿಸಿದಳು. ಆ ಮುರುಕು ಪಿಯಾನೊ ತಾನು ತೆಂಗಿನಕಾಯಿಗಳ ಮೇಲೆ ಬಂದದ್ದನ್ನೇ ಮರೆತ ಹಾಗಿತ್ತು. ಮುಗಿದಾಗ ಅಜ್ಜಿ ಎದ್ದು ಹೊಸ್ತಿಲಿಗೇ ಬಂದರು.

"ಮಿಸ್ಸವ್ವ, ಇವತ್ತು ನಿಮ್ಮ ಎಡಗೈ ಏನ್ ಸಂದಾಗಿ ನುಡೀತವ್ವ! ಎಲ್ಡು ವರ್ಸದಿಂದ ಕೇಳ್ತಿವ್ನಿ, ಇಂಗೆ ಒಂದಿನಾನೂ ನುಡಿಸಿರ್ನಿಲ್ಲ."

ಹುಡುಗಿ ನನ್ನ ಮುಖ ನೋಡಿದಳು.

ಯಾರಾದರೂ ಹೊಗಳಿದರೆ ಕೂಡಲೇ ಏನನ್ನಬೇಕೆಂದು ಸಿಸ್ಟರುಗಳು ನಮಗೆ ಸೊಗಸಾಗಿ ಕಲಿಸಿದ್ದರು. "ಥ್ಯಾಂಕ್ಯೂ ಅಜ್ಜಿ" ಎಂದೆ.

ಬಾಯಿತಪ್ಪಿ ಬಂದದ್ದು ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಆದರೆ ಅಜ್ಜಿ ಒಳಗೆ ಹೋಗಿ ಮಜ್ಜಿಗೆ ತಂದರು, ನಾನು ಕುಡಿದೆ, ಲೋಟ ಕೆಳಗಿಟ್ಟೆ. ತಿದ್ದಿಕೊಳ್ಳಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಆ ಪೆಟ್ಟಿಗೆ ಕುಟ್ಟಿದ್ದಕ್ಕೆ ಆ ಜಿಲ್ಲೆಯಲ್ಲಿ ನನ್ನನ್ನು ಯಾರೂ ಹೊಗಳಿರಲಿಲ್ಲ. ಮೊದಲ ಸಲ ಹೊಗಳಿದ್ದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಹುಡುಗಿ ಎಡಗೈಯನ್ನು ಲಂಗದ ನೆರಿಗೆಯೊಳಗೆ ಇಟ್ಟುಕೊಂಡಳು. ಫಾರ್ಮು ಬ್ಯಾಗಿನಲ್ಲೇ ಹಾಸನಕ್ಕೆ ವಾಪಸು ಬಂತು.

ಮುಂದಿನ ವಾರ ಹೋದಾಗ ಅವಳು ಬೆಂಚಿನ ಬಲತುದಿಗೆ ಸರಿದು ಕೂತಿದ್ದಳು. ಎಡಗಡೆ ಅರ್ಧ ಬೆಂಚು ಖಾಲಿ ಬಿಟ್ಟು, ದಾವಣಿಯ ಸೆರಗಿನಿಂದ ಅದರ ಧೂಳನ್ನೂ ಒರೆಸಿದ್ದಳು.

"ಬನ್ನಿ ಮಿಸ್," ಎಂದಳು. "ನಿಮ್ಮ ಜಾಗ."