ಬೋಳು ಕುತ್ತಿಗೆಯ ಸರದಾರ

ಬೋನಾಳ ಕೆರೆ ದಂಡೆಯಲ್ಲಿ ಮೀನು ಕೊಯ್ದು ಮಾರುವ ಸಾಯಬಮ್ಮನ ಬಾಯಿಗೂ ಕೈಗೂ ಊರೇ ಹೆದರುತ್ತಿತ್ತು. ಕುಡಿದು ಕೈ ಎತ್ತಿದ ಗಂಡನನ್ನು ಕುತ್ತಿಗೆ ಹಿಡಿದು ಕೆಸರಿನಲ್ಲಿ ಅದ್ದಿದವಳು. ಅವನು ಕಾಮಾಲೆಯಿಂದ ಸತ್ತ ಮೇಲೆ ಅವಳ ಮನೆಯಲ್ಲಿ ಉಳಿದ ಗಂಡೆಂದರೆ ಸರದಾರ ಎಂಬ ಹುಂಜ ಒಂದೇ.

ಮಳೆಗಾಲ ಮುಗಿಯುತ್ತಲೇ ಸರದಾರ ಗರಿ ಉದುರಿಸತೊಡಗಿದ. ಬಾಲ ಬೋಳು, ಕುತ್ತಿಗೆ ಬೋಳು. ಮದುವೆ ಮುರಿದ ಮದುಮಗನ ಹಾಗೆ ಮೂಲೆ ಹಿಡಿದು ಕೂತ. ಸಾಯಬಮ್ಮ ಒಣಮೀನು ಕುಟ್ಟಿ, ನೆನೆಸಿದ ಶೇಂಗಾ ಕಲಸಿ, "ಬಾರೋ ನಮ್ಮಪ್ಪಾ, ಬಾ" ಎಂದು ಕರೆದು ಅಂಗೈಯಲ್ಲೇ ತಿನ್ನಿಸಿದಳು. ಬರಬರುತ್ತ ಆ ಕೂಗು ಕೇಳಿದರೆ ಸಾಕು, ಎಲ್ಲಿದ್ದರೂ ಕುತ್ತಿಗೆ ಚಾಚಿ ಓಡಿ ಬರುತ್ತಿದ್ದ. ಗಂಡನಿಗೂ ಅವಳು ಇಷ್ಟು ಅಕ್ಕರೆಯಿಂದ ಉಣಿಸಿರಲಿಲ್ಲ.

ಮೈದುನ ಬಾಲರಾಜನಿಗೆ ಕೋಳಿ ಜೂಜಿನ ಹುಚ್ಚು.

"ವೈನಿ, ತಿಂದು ಕೊಬ್ಬ್ಯಾನ. ಅಮಾಸಿ ಪಂದ್ಯಕ್ಕ ಕೊಡು."

"ಕಣ್ಣು ಹೋಗ್ಯಾವೇನು? ಈಗರೆ ಹಸಿ ಗರಿ ಮೂಡ್ಯಾವ, ಮುರದ್ರ ರಕ್ತ ಸುರೀತದ. ಮುಟ್ಟಿದ್ರ ಕೈ ಕಡೀತೀನಿ!"

ಅಮಾವಾಸ್ಯೆಯ ದಿನ ಅವಳು ಸುರಪುರದ ಸಂತೆಗೆ ಹೋದದ್ದೇ ತಡ, ಬಾಲರಾಜ ಹುಂಜವನ್ನು ಹೊತ್ತೊಯ್ದ. ಹಿಡಿದ ಬಿಗಿಗೇ ರೆಕ್ಕೆಯ ಎಳೆಗರಿ ಮುರಿದು ರಕ್ತ ಒಸರಿತು. ಆದರೂ ಆ ಮಹಾ ಜಾಣ ಅದರ ಕಾಲಿಗೆ ಕತ್ತಿ ಕಟ್ಟಿದ.

ಸುದ್ದಿ ಸಂತೆಗೆ ಮುಟ್ಟಿತು. ಸಾಯಬಮ್ಮ ಬುಟ್ಟಿ ಬಿಸಾಕಿ ಸಿಕ್ಕ ಆಟೊ ಹತ್ತಿ ಬಂದಳು. ಮೀನು ತೂಗುವ ಕಬ್ಬಿಣದ ಕಲ್ಲು ಕೈಯಲ್ಲೇ ಇತ್ತು.

ಜಾಲಿಗಿಡಗಳ ನಡುವಿನ ಕಣದಲ್ಲಿ ಸರದಾರ ರಕ್ತ, ಮಣ್ಣು ಮೆತ್ತಿಕೊಂಡು ಇನ್ನೂ ಒದೆಯುತ್ತಿದ್ದ. ಎದುರಿನ ಕಪ್ಪು ಹುಂಜದ ಒಂದು ಕಣ್ಣು ಕಿತ್ತು ಬಂದಿತ್ತು. ಗೆದ್ದೇ ಬಿಡುತ್ತಿದ್ದನೇನೋ. ಸುತ್ತ ನಿಂತ ಗಂಡಸರು ದಾರಿ ಬಿಡಲಿಲ್ಲ. ಸಾಯಬಮ್ಮ ಅವರ ಹಿಂದಿನಿಂದಲೇ ಕೂಗಿದಳು:

"ಬಾರೋ ನಮ್ಮಪ್ಪಾ, ಬಾ!"

ಸರದಾರ ತಿರುಗಿದ. ಉಣ್ಣುವ ಆಸೆಗೆ ಬೋಳು ಕುತ್ತಿಗೆ ಚಾಚಿದ. ಕಪ್ಪು ಹುಂಜ ಎಗರಿತು. ಅದರ ಕಾಲಿನ ಕತ್ತಿ ಸರದಾರನ ಗಂಟಲು ಸೀಳಿತು.

ಸಾಯಬಮ್ಮ ಜನರನ್ನು ಗುದ್ದಿ ಒಳನುಗ್ಗಿ ಬಾಲರಾಜನ ಬಾಯಿಗೆ ಕಲ್ಲಿನಿಂದ ಹೊಡೆದಳು. ಎರಡು ಹಲ್ಲು ಮಣ್ಣಿಗೆ ಬಿದ್ದವು. ಮತ್ತೆ ಕೈ ಎತ್ತಿದಾಗ ಅವನು ರಕ್ತ ಉಗುಳಿದ.

"ಹೊಡಿ ವೈನಿ, ಒಯ್ದಾಂವ ನಾನು. ಆದ್ರ ಕರದಾಕಿ ನೀನು."

ಎತ್ತಿದ ಕೈ ಇಳಿಯಿತು.

ಸಾಯಬಮ್ಮ ಈಗಲೂ ಮೀನು ಮಾರುತ್ತಾಳೆ. ಅಕ್ಕಪಕ್ಕದವರು ಗಂಟಲು ಹರಿದುಕೊಂಡು ಗಿರಾಕಿಗಳನ್ನು ಕರೆಯುತ್ತಾರೆ. ಇವಳು ಮಾತ್ರ ಯಾರನ್ನೂ ಬಾ ಎನ್ನುವುದಿಲ್ಲ. ತಾವಾಗಿ ಬಂದವರಿಗೆ ತೂಗಿ ಕೊಡುತ್ತಾಳೆ.