ಮಾವನ ಹೆಸರಿಟ್ಟ ಮೇಳ

ಪಕ್ಕದ ಬಾರಿನಿಂದ ಕೇಳಿಬರ್ತಿದೆಯಲ್ಲ ಪುಟ್ಟಿ, ಆ ಹಾಡಿನ ಹೆಸರು ಮಕೆಂಗೊ ಜಾಜ್. ಹಾಡುವ ಮೇಳದ ಹೆಸರೂ ಅದೇ, ಅದಿರುವ ರೆಕಾರ್ಡಿನ ಹೆಸರೂ ಅದೇ. ನಿನ್ನಜ್ಜ ಲುತೆತೆಗೆ ಬೇರೆ ಹೆಸರೇ ಹೊಳೆಯಲಿಲ್ಲವೆಂದು ಜನ ನಗುತ್ತಾರೆ. ನಗಲಿ. ಆ ಹೆಸರಿಲ್ಲದಿದ್ದರೆ ನಿನ್ನಮ್ಮನೂ ಇಲ್ಲ, ನೀನೂ ಇಲ್ಲ. ಕುಟ್ಟುವುದನ್ನು ನಿಲ್ಲಿಸಬೇಡ, ಮರಗೆಣಸಿನೆಲೆ ಇನ್ನೂ ನುರಿದಿಲ್ಲ.

ಲುತೆತೆ ಹಗಲು ಸೈಕಲ್ ರಿಪೇರಿ ಮಾಡುತ್ತಿದ್ದ, ಸಂಜೆ ಗಿಟಾರ್ ನುಡಿಸುತ್ತಿದ್ದ. ಬೆರಳಿಗೆ ಯಾವಾಗಲೂ ಗ್ರೀಸು. ಮೊದಲ ಸಲ ನನ್ನ ಕೈ ಹಿಡಿದಾಗ ಕಪ್ಪು ಗುರುತು ಉಳಿಯಿತು. ಅಪ್ಪನಿಗೆ ಸಿಕ್ಕಿಬಿದ್ದದ್ದೂ ಅದರಿಂದಲೇ.

ಆಗ ಅವನ ಮೇಳ ಎಲೆಂಗಿ ಜಾಜ್. ಹಾಡಿನ ಮಧ್ಯೆ ತಮ್ಮ ಹೆಸರು ಕೂಗಿಸಿಕೊಳ್ಳುವುದು ನಮ್ಮ ಕಿನ್ಶಾಸದ ದೊಡ್ಡಮನುಷ್ಯರ ಚಟವಲ್ಲವೇ? ಲುತೆತೆ ಮಾತ್ರ ಒಪ್ಪುತ್ತಿರಲಿಲ್ಲ. ಒಬ್ಬರ ಹೆಸರು ಹಾಡಿದರೆ ವಾದ್ಯದವರೆಲ್ಲ ತಂತಮ್ಮ ಚಿಕ್ಕಪ್ಪಂದಿರ, ಪ್ರೇಯಸಿಯರ ಹೆಸರು ಹಿಡಿದು ಕಿತ್ತಾಡುತ್ತಾರೆ. ಹಾಗಾಗಿ ಹಾಡಿನಲ್ಲಿ ಕೂಗುವುದು ಮೇಳದ ಹೆಸರೊಂದೇ.

ನನ್ನಪ್ಪ ಮಕೆಂಗೊ, ಸಂತೆಯಲ್ಲಿ ಉಪ್ಪುಮೀನು ಮಾರುವವನು. ಹೆಣ್ಣು ಕೇಳಲು ಲುತೆತೆ ಪದ್ಧತಿಯಂತೆ ಸೂಟು, ಲಾಟೀನು, ಮೇಕೆ ತಂದ.

"ಮೇಕೆ ಸಾಯುತ್ತೆ, ಸೂಟು ಹುಳ ತಿನ್ನುತ್ತೆ. ಹಾಡಲ್ಲಿ ನನ್ನ ಹೆಸರು ಬರಲಿ" ಎಂದ ಅಪ್ಪ.

"ಆಗಲ್ಲ ಪಾಪಾ. ಮೇಳದ ಹೆಸರು ಬಿಟ್ರೆ ಬೇರೆ ಹಾಡಲ್ಲ."

"ಹಾಗಾದ್ರೆ ಹೋಗಿ ನಿನ್ನ ಮೇಳಾನೇ ಮದುವೆಯಾಗು!"

ನಾನು ಅತ್ತೆ. ಅಮ್ಮ ನನಗೆ ಬೈದು, ಅಪ್ಪನಿಗೂ ಬೈದು, ಮೇಕೆಯನ್ನು ಮಾತ್ರ ಒಳಗೆ ಕಟ್ಟಿದಳು.

ಮುಂದಿನ ಭಾನುವಾರ ಲುತೆತೆ ಮತ್ತೆ ಬಂದ. "ಪಾಪಾ, ಮೇಳಕ್ಕೇ ನಿಮ್ಮ ಹೆಸರಿಟ್ಟೆ. ಹಾಡಿಗೂ, ರೆಕಾರ್ಡಿಗೂ."

ಅಪ್ಪ ಸಂತೆಯಲ್ಲಿ ಎದೆಯುಬ್ಬಿಸಿ ನಡೆದದ್ದೇನು, ಕೇಳಿದವರಿಗೆಲ್ಲ ಒಂದೊಂದು ತುಂಡು ಮೀನು ಬಿಟ್ಟಿ ಕೊಟ್ಟದ್ದೇನು! ಶನಿವಾರ ಹೊಸ ಸೂಟು ಹಾಕಿಕೊಂಡು ಬಾರಿನ ಮುಂದಿನ ಸಾಲಿನಲ್ಲೇ ಕೂತ. ಆದರೆ ಡ್ರಮ್ ಬಾರಿಸುವ ಬೊಸೆಂಗೆ ಕಂಠಪೂರ್ತಿ ಕುಡಿದಿದ್ದ. ತಾಳ ಒಂದು ಕಡೆ, ಹಾಡು ಒಂದು ಕಡೆ. ಜನ ಮೇಳವನ್ನು ಅದರ ಹೆಸರು ಹಿಡಿದೇ ಅಣಕಿಸತೊಡಗಿದರು.

"ಮಕೆಂಗೊ, ಎದ್ದು ಮನೆಗೆ ಹೋಗಯ್ಯಾ!"

"ಮಕೆಂಗೊಗೆ ಇವತ್ತು ಜಾಸ್ತಿ ಆಗಿದೆ!"

ಅಪ್ಪನ ಕೈಯಲ್ಲಿದ್ದ ಗ್ಲಾಸು ತುಟಿ ಮುಟ್ಟಲೇ ಇಲ್ಲ. ಹಾಡು ಮುಗಿದದ್ದೇ ಲುತೆತೆಯ ಕೊರಳಪಟ್ಟಿ ಹಿಡಿದ. "ನನ್ನ ಹೆಸರು ವಾಪಸ್ ಕೊಡೋ!"

"ರೆಕಾರ್ಡು ಅಚ್ಚಾಗಿಬಿಟ್ಟಿದೆ, ಪಾಪಾ."

"ಹಾಗಾದ್ರೆ ಆ ಕುಡುಕ ಸರಿಹೋಗೋವರೆಗೂ ಮದುವೆ ಇಲ್ಲ!"

ಮದುವೆ ಆ ಕುಡುಕನ ಕೈಗೆ ಹೋಯಿತಲ್ಲ ಎಂದು ನಾನು ಎದೆ ಬಡಿದುಕೊಂಡೆ. ಆದರೆ ಸರಿಮಾಡುವುದಕ್ಕೆ ಅಪ್ಪನೇ ನಿಂತ. ಬೊಸೆಂಗೆಯನ್ನು ಎಳೆದು ತಂದು ಅಂಗಡಿಯ ಹಿಂದೆ ಕೂರಿಸಿದ. ಮೀನು ಕೊಚ್ಚುವ ಹಲಗೆಯ ಮೇಲೆ ಬೆಳಗಿನಿಂದ ತಾಳ, ತಿನ್ನಲು ಬರೀ ಉಪ್ಪುಮೀನು, ಪಕ್ಕದಲ್ಲೊಂದು ಕೊಡ ನೀರು. ಪಾಪ, ನೀರು ಕುಡಿದೂ ಕುಡಿದೂ ಅವನ ಹೊಟ್ಟೆಯಲ್ಲಿ ಬಿಯರಿಗೆ ಜಾಗವೇ ಉಳಿಯಲಿಲ್ಲ.

ಮತ್ತೆ ಬಾರಿನಲ್ಲಿ ನುಡಿಸಿದಾಗ ಜನ ಮೇಜು ಬಡಿದರು. "ಮಕೆಂಗೊ, ಇನ್ನೊಂದ್ಸಲ! ಮಕೆಂಗೊ!" ಅಪ್ಪ ತಾನೇ ನುಡಿಸಿದವನ ಹಾಗೆ ಎದ್ದು ಕೈಮುಗಿದ. ನನ್ನ ಕೈಯನ್ನು ಲುತೆತೆಯ ಕೈಗೆ ಕೊಡಲು ಬಂದವನು ತಡೆದು, "ತೊಳ್ಕೊಂಡಿದ್ದೀಯೇನೋ?" ಎಂದ.

ಅಪ್ಪ ಹೋದ, ನಿನ್ನಜ್ಜನೂ ಹೋದ. ಮೇಳ ಉಳಿದಿದೆ. ಈಗ ಡ್ರಮ್ಮು ಬೊಸೆಂಗೆಯ ಮೊಮ್ಮಗನದು... ಅಯ್ಯೋ, ಕೇಳಿದೆಯಾ? ತಾಳ ಜಾರಿತು! ಒನಕೆ ಕೆಳಗಿಡು ಪುಟ್ಟಿ. ಆ ಡಬ್ಬಿಯಲ್ಲಿ ಉಪ್ಪುಮೀನಿದೆ, ದೊಡ್ಡ ತುಂಡೇ ತಗೋ, ಜೊತೆಗೊಂದು ಚೊಂಬು ನೀರು. ಓಡಿಹೋಗಿ ಅವನ ಮುಂದಿಟ್ಟು, ಅವನ ಬಾಟಲಿ ಇಸಕೊಂಡು ಬಾ.